ಮರುಪಯಣದ ಟಿಕೆಟ್ಟು

ಟಕ್ — ಕಂಡಕ್ಟರ್ ಇಕ್ಕಳ ಒತ್ತಿ ತಿರುಮಲ ಮೇಷ್ಟ್ರ ಟಿಕೆಟ್ಟಿಗೆ ತೂತು ಹಾಕಿದ, ಸಂಡೂರಿನಿಂದ ಹೊಸಪೇಟೆಗೆ, ತೂತು ಹಾಕಿ ಏನು ಬಂತು ಭಾಗ್ಯ, ಬಸ್ಸು ಅರ್ಧ ಗಂಟೆಯಿಂದ ಅದಿರು ಲಾರಿಗಳ ಹಿಂದೆ ನಿಂತಲ್ಲೇ ನಿಂತಿದೆ, ಕಿಟಕಿ ಮುಚ್ಚಿದರೂ ಹಲ್ಲಿನ ಸಂದಿಗೆಲ್ಲ ಕೆಂಪು ಧೂಳು, ಹನ್ನೊಂದಕ್ಕೆ ಹುಸೇನಮ್ಮನ ಹಜ್ ಬಸ್ಸು ಹೊಸಪೇಟೆ ಬಿಟ್ಟು ಬೆಂಗಳೂರಿನ ದಾರಿ ಹಿಡಿಯುತ್ತದೆ, ಈಗಲೇ ಹನ್ನೊಂದಾಯಿತು, ಥೂ ಇದರ — ಚೀಲದಲ್ಲಿರುವುದು ಆಕೆಯ ಅಜ್ಜನ ಹಡಗಿನ ಟಿಕೆಟ್ಟು, ಮುಂಬಯಿಯಿಂದ ಜಿದ್ದಾಕ್ಕೆ ಹೋದವನು ಮರಳಿ ಬರಲು ಇಟ್ಟುಕೊಂಡಿದ್ದ ಅರ್ಧ, ಒಂದೂ ತೂತಿಲ್ಲದ್ದು, ಅಜ್ಜ ಅಲ್ಲೇ ಮಣ್ಣಾದ, ಜೊತೆಗೆ ಹೋದವರು ಇದೊಂದನ್ನೇ ತಂದು ಕೊಟ್ಟರಂತೆ. ನೀವು ಇತಿಹಾಸದ ಮೇಷ್ಟ್ರು, ನೋಡ್ರಿ ಸಾರ್, ಎಂದು ಎಂಟು ವರ್ಷದ ಹಿಂದೆ ಕಾಲೇಜಿನ ಆಯಾ ಹುಸೇನಮ್ಮ ಸೆರಗಿನ ಗಂಟು ಬಿಚ್ಚಿ ಕೊಟ್ಟದ್ದು, ಅವತ್ತೇ ತಲೆಗೆ ಜಿದ್ದಾ ಹೊಕ್ಕಿದ್ದು — ಮೀನುಗಾರರ ಹಳ್ಳಿ ಮಕ್ಕಾದ ರೇವಾದದ್ದು, ಹವಳದ ಕಲ್ಲಿನ ಮನೆಗಳು, ಕಟ್ಟಿದ ಕೋಟೆ, ಕೆಡವಿದ ಕೋಟೆ, ನೀರೊಳಗಿನ ಹವಳದ ದಿಬ್ಬಕ್ಕೆ ಹೆದರಿ ದೂರದಲ್ಲೇ ಲಂಗರು ಹಾಕುವ ಹಡಗುಗಳು, ಊರು ಕಣ್ಣೆದುರಿಗಿದ್ದರೂ ಸಣ್ಣ ದೋಣಿ ಬರುವ ತನಕ ಡೆಕ್ಕಿನ ಮೇಲೆ ಕಾಯುವ ಯಾತ್ರಿಕರು, ಆಮೇಲೆ ಹಡಗು ನಿಲ್ಲುವ ಧಕ್ಕೆ, ಆಮೇಲೆ ಡೇರೆಯಂಥ ಚಾವಣಿಯ ವಿಮಾನ ನಿಲ್ದಾಣ, ಜಿದ್ದಾದ ಹದಿಮೂರು ಶತಮಾನದ ಚರಿತ್ರೆ ಬರೆದ ಈ ಮಹಾನುಭಾವನಿಗೆ ಒಂದು ಚೀಟಿ ವಾಪಸು ಕೊಡಲು ಕೈ ಬರಲಿಲ್ಲ.

ಆ ಚೀಟಿಯನ್ನು ತನ್ನ ಪುಸ್ತಕದ ಮುಖಪುಟಕ್ಕೆಂದು ಸಂಡೂರಿನ ಪ್ರೆಸ್ಸಿನ ಕೊಟ್ರಬಸಪ್ಪನಿಗೆ ಕೊಟ್ಟದ್ದು, ಪುಸ್ತಕ ಆಮ್ಯಾಲ ನೋಡೋಣ್ರಿ ಮೇಷ್ಟ್ರ, ಮೊದ್ಲು ಲಾರಿಯವ್ರ ಟ್ರಿಪ್ ಶೀಟ್ ಅಚ್ಚು ಹಾಕ್ಬೇಕು, ಅಂದ ಅವನು, ಪುಸ್ತಕವೂ ಇಲ್ಲ, ಮಣ್ಣೂ ಇಲ್ಲ, ಇವತ್ತು ಬೆಳಿಗ್ಗೆ ಹೊಸಪೇಟೆಯಿಂದ ಓಡಿಹೋಗಿ ಅವನ ರದ್ದಿಯಲ್ಲಿ ಹುಡುಕಿ ತಂದದ್ದು, ಯಾಕೆಂದರೆ ನಿನ್ನೆ ಆಕೆ ಮನೆಗೇ ಬಂದಿದ್ದಳು, ಹಜ್‌ಗೆ ಹೋಗುವವರು ಎಲ್ಲರ ಬಾಗಿಲಿಗೂ ಹೋಗಿ ಕ್ಷಮೆ ಕೇಳಬೇಕಲ್ಲ, ನಾಳಿ ಹೊಂಟೀನ್ರಿ ಸಾರ್, ನನ್ನಿಂದ ತಪ್ಪೇನಾರ ಆಗಿದ್ರ ಮಾಫ್ ಮಾಡ್ರಿ, ಮತ್ತ ಆ ಚೀಟಿ, ಸಿಕ್ರ ಕೊಡ್ರಿ, ಜೊತಿಗೆ ಒಯ್ದು ಅಜ್ಜನ್ನ ವಾಪಸ್ ಊರು ಮುಟ್ಟಿಸ್ತೀನಿ, ಇಲ್ಲಂದ್ರ ಬಿಡ್ರಿ. ಟ್ರಂಕಿನಲ್ಲಿ ಭದ್ರವಾಗಿದೆ, ನಾಳೆ ಬಸ್ಸಿಗೇ ತಂದುಕೊಡ್ತೀನಿ, ಎಂದು ಸುಳ್ಳು ಹೇಳಿದ್ದಲ್ಲದೆ, ದೊಡ್ಡ ಮನುಷ್ಯನ ಹಾಗೆ ಕೈಯೆತ್ತಿ ಮಾಫ್ ಬೇರೆ ಮಾಡಿದನಲ್ಲ, ತಾನು, ಆಕೆಯನ್ನು, ಎಂಥ ನಾಚಿಕೆಗೇಡಿ.

ಬಸ್ಸು ಜಗ್ಗಿತು, ಹೆದ್ದಾರಿಯ ಕ್ರಾಸಿಗೆ ಬಂದು ಮತ್ತೆ ನಿಂತಿತು, ಅಡ್ಡಕ್ಕೆ ಹಸಿರು ಬಾವುಟದ ಬಸ್ಸು ನಿಧಾನಕ್ಕೆ ಸಾಗುತ್ತಿದೆ, ಮೂರನೇ ಕಿಟಕಿಯಲ್ಲಿ ಹುಸೇನಮ್ಮ, ತಿರುಮಲ ಗಾಜು ಸರಿಸಿ ಟಿಕೆಟ್ಟು ಹಿಡಿದ ಕೈಯನ್ನು ಭುಜದವರೆಗೂ ಹೊರಚಾಚಿದ, ಹುಸೇನಮ್ಮಾ, ತಗೊಳ್ರಿ, ನನ್ನ ಮಾಫ್ — ಧೂಳು ಗಂಟಲಿಗೆ ಹೊಕ್ಕಿತು, ಟಾಟಾ ಮಾಡುತ್ತಿದ್ದಾನೆ ಎಂದುಕೊಂಡಳೋ ಏನೋ, ಕಳಸಾಕ ಬಂದ್ರೇನ್ರಿ ಸಾರ್, ಎಂದು ನಕ್ಕಳು, ಕೈ ಮುಗಿದಳು, ತಪ್ಪಿದ್ರ ಮಾಫ್ ಮಾಡ್ರೀ, ಲಾರಿಯೊಂದು ನಡುವೆ ನುಗ್ಗಿತು, ಅದು ಸರಿದಾಗ ರಸ್ತೆ ಬರಿದು, ಅವನ ಕೈ ಇನ್ನೂ ಹೊರಗೇ, ಕೈಯಲ್ಲಿ ಟಿಕೆಟ್ಟು, ಹಳದಿಗಟ್ಟಿದ್ದು, ಒಂದೂ ತೂತಿಲ್ಲದ್ದು, ಒಂದೂ ತೂತಿಲ್ಲದ್ದು —