ಬೀಕರಿನ ಕೆಳಗಿನ ಇಂಟು ಮಾರ್ಕು

ಆ ಮಾರ್ಚ್ ತಿಂಗಳಿನಲ್ಲಿ ಉತ್ತಮ ಸರ್‌ಗೆ ಸಿಟ್ಟು ಬರಿಸದ ವಸ್ತು ಜಗತ್ತಿನಲ್ಲಿ ಒಂದೂ ಉಳಿದಿರಲಿಲ್ಲ. ಅವರು ಪಾಠ ಮಾಡುವ ಹುಮನಾಬಾದಿನ ಪದವಿ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಟ್ಯೂಬ್‌ಲೈಟುಗಳು ಮಂಕಾಗಿದ್ದವು. ಪ್ರಿನ್ಸಿಪಾಲರ ಬೆನ್ನು ಹತ್ತಿ ಹೊಸವನ್ನು ಹಾಕಿಸಿದರೆ ಅವೂ ಮಂಕು. ಸಂಜೆ ಹೈವೇದಲ್ಲಿ ಎದುರು ಬರುವ ಲಾರಿಯವರೆಲ್ಲ ಇವರೊಬ್ಬರ ಮೇಲೆಯೇ ಹಗೆ ಇದ್ದವರ ಹಾಗೆ ಲೈಟು ಬಿಡುತ್ತಿದ್ದರು. ಬಸ್ಸಿನ ಬೋರ್ಡು ಬರೆಯುವವರಿಗಂತೂ ಬಣ್ಣಕ್ಕೆ ಬರ ಬಂದಿತ್ತು. ಇದೆಲ್ಲ ಸಾಲದು ಎಂಬಂತೆ ಬಸವಕಲ್ಯಾಣದ ಮನೆಯಲ್ಲಿ ಹೆಂಡತಿ ಶೇವಂತಾಬಾಯಿ ಅವರ ಮೋಟಾರ್‌ಸೈಕಲ್ಲಿನ ಹಿಂದೆ ಕೂರುವುದನ್ನೇ ಬಿಟ್ಟುಬಿಟ್ಟಿದ್ದರು.

ಅದೂ ಎಂಥದಕ್ಕೆ? ಒಂದು ಹಂಪ್‌ನ ಸಲುವಾಗಿ! ರಾಜೇಶ್ವರದಲ್ಲಿ ಒಂದು ಮದುವೆಗೆಂದು ಇಬ್ಬರೂ ಹೊರಟಿದ್ದರು. ಸಸ್ತಾಪುರ ಬಂಗ್ಲಾ ಕ್ರಾಸ್ ದಾಟುವಾಗ ಹಂಪ್ ಮೇಲೆ ಗಾಡಿ ಹಾರಿತು. ಬೀಳಲಿಲ್ಲ ಅನ್ನುವುದಷ್ಟೇ ಪುಣ್ಯ. ಶೇವಂತಾಬಾಯಿ ಅಲ್ಲೇ ಇಳಿದು ರಸ್ತೆಯ ಬದಿಗೆ ನಿಂತುಬಿಟ್ಟರು.

“ಇಷ್ಟು ದೊಡ್ಡ ಹಂಪ್ ಕಾಣಲಿಲ್ಲೇನ್ರಿ ನಿಮಗ? ಕಣ್ಣು ತೋರಿಸ್ಕೊಂಡು ಬರ್ರಿ ಅಂತ ಎಷ್ಟು ಸಲ ಹೇಳಬೇಕ್ರಿ?”

“ಬಣ್ಣ ಹಚ್ಚದೆ ಹಂಪ್ ಹಾಕಿದವರಿಗೆ ಹೇಳು ಹೋಗು. ಹೋದ ವರ್ಷನೇ ಹೊಸಾ ಚಷ್ಮಾ ಮಾಡಿಸೀನಿ. ನನ್ನ ಕಣ್ಣಿಗೇನು ಧಾಡಿ?”

ಶೇವಂತಾಬಾಯಿ ಬಂದ ಆಟೋಕ್ಕೆ ಕೈ ಮಾಡಿ ಹತ್ತಿ ಹೋದರು. ಮದುವೆ ಮನೆಯಲ್ಲಿ ಗಂಡ ಒಂದು ಗಾಡಿಯಲ್ಲಿ, ಹೆಂಡತಿ ಒಂದು ಗಾಡಿಯಲ್ಲಿ ಬಂದಿಳಿದದ್ದನ್ನು ನೋಡಿದ ಬೀಗರೆಲ್ಲ ಏನೆಂದುಕೊಂಡರೋ! ಅದನ್ನು ನೆನೆಸಿಕೊಂಡರೆ ಸರ್‌ಗೆ ಈಗಲೂ ಮೈ ಉರಿಯುತ್ತಿತ್ತು.

ಇಂಥ ಹದವಾದ ಮನಸ್ಥಿತಿಯಲ್ಲಿ ಅವರು ಕೂತಿದ್ದಾಗಲೇ ಸಪ್ನಾ ರೆಕಾರ್ಡ್ ಬುಕ್ಕು ಹಿಡಿದುಕೊಂಡು ಮೇಜಿನ ಮುಂದೆ ಬಂದು ನಿಂತಳು. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ. ಬೇಮಳಖೇಡದಿಂದ ದಿನಾ ಬಸ್ಸು ಹಿಡಿದು ಬರುವವಳು. ಮರುದಿನವೇ ಪ್ರಾಕ್ಟಿಕಲ್ ಪರೀಕ್ಷೆ. ರೆಕಾರ್ಡಿಗೆ ಸರ್ ಸಹಿ ಬೀಳದಿದ್ದರೆ ಲ್ಯಾಬಿನ ಬಾಗಿಲು ಅವಳಿಗೆ ತೆರೆಯುವುದಿಲ್ಲ, ಒಂದು ವರ್ಷ ಮಣ್ಣುಪಾಲು. ಮುಂದಿನ ವರ್ಷ ಮತ್ತೆ ಕಾಲೇಜಿಗೆ ಕಳಿಸುತ್ತಾರೆಂಬ ಖಾತ್ರಿ ಅವಳ ಮನೆಯಲ್ಲಿ ಯಾರೂ ಕೊಟ್ಟಿರಲಿಲ್ಲ. ಉಳಿದವರ ರೆಕಾರ್ಡಿಗೆಲ್ಲ ಸಹಿ ಬಿದ್ದಾಗಿತ್ತು. ಇವಳದೊಂದನ್ನು ಸರ್ ಮೂರು ಸಲ ವಾಪಸು ಎಸೆದಿದ್ದರು.

ತಕರಾರು ಇದ್ದದ್ದು ಒಂದೇ ಪ್ರಯೋಗದ ಬಗ್ಗೆ, ರಾಸಾಯನಿಕ ಕ್ರಿಯೆಯ ವೇಗ ಅಳೆಯುವುದು. ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಎಂಬ ಲವಣ, ಕರಗಿಸಿದ ನೀರಿಗೆ ಆಮ್ಲ ಸುರಿದರೆ ಗಂಧಕ ಹಿಟ್ಟಿನಂತೆ ಬಿಟ್ಟುಕೊಂಡು ತಿಳಿನೀರು ಮೆಲ್ಲಗೆ ಬೆಳ್ಳಗಾಗುತ್ತದೆ. ಬೀಕರಿನ ಕೆಳಗೆ ಒಂದು ಹಾಳೆ, ಹಾಳೆಯ ಮೇಲೆ ಪೆನ್ನಿನಿಂದ ಬರೆದ ಒಂದು ಇಂಟು ಮಾರ್ಕು. ಮೇಲಿನಿಂದ ಬಗ್ಗಿ ನೋಡುತ್ತ, ಆ ಮಾರ್ಕು ಕಣ್ಣಿಗೆ ಕಾಣದಾಗುವ ತನಕ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳಬೇಕು. ಹೈಪೋ ಅರ್ಧ ಮಾಡಿದರೆ ಹೊತ್ತು ಇಮ್ಮಡಿಯಾಗುತ್ತದೆ, ಅಂದರೆ ವೇಗ ಅರ್ಧಕ್ಕಿಳಿಯುತ್ತದೆ. ಹೈಪೋದ ಮಟ್ಟಿಗೆ ಈ ಕ್ರಿಯೆಯ ಆರ್ಡರ್ ಒಂದು ಎನ್ನುವುದು ಇದಕ್ಕೇ. ಸರ್ ಜನವರಿಯಲ್ಲಿ ತಾವೇ ಮಾಡಿ ತೋರಿಸಿ, ತಮ್ಮ ಅಂಕಿಗಳನ್ನು ಮಾದರಿ ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದರು. ಇಡೀ ಕ್ಲಾಸಿನ ರೆಕಾರ್ಡು ಆ ಅಂಕಿಗಳ ಆಚೆ ಈಚೆ ಒಂದು ಸೆಕೆಂಡು ಕದಲುತ್ತಿರಲಿಲ್ಲ. ಸಪ್ನಾಳದು ಮಾತ್ರ ಪ್ರತಿ ಸಾಲಿನಲ್ಲೂ ಹೆಚ್ಚು.

“ನಲವತ್ತು ಸೆಕೆಂಡಿಗೆ ಹೋಗೋ ಮಾರ್ಕು ನಿನಗೊಬ್ಬಾಕಿಗೆ ಐವತ್ತೈದಕ್ಕ ಹೋಗ್ತದೇನು? ಮೊಬೈಲ್ ನೋಡ್ಕೋತ ಕುಂತಿದ್ದೇನು?”

“ಇಲ್ರಿ ಸರ್. ಅಲ್ಲೀತನಕ ಕಾಣಾಕತ್ತಿತ್ರಿ. ಮತ್ತ ಮಾಡಿ ನೋಡೀನ್ರಿ, ಅಷ್ಟೇ ಬರ್ತದ್ರಿ. ಆರ್ಡರ್ ಒಂದೇ ಬಂದದ್ರಿ.”

ಬಂದಿತ್ತು, ನಿಜ. ಅವಳು ಎಳೆದ ಗ್ರಾಫಿನ ಗೆರೆ ಸರ್ ಎಳೆದ ಗೆರೆಯಷ್ಟೇ ನೆಟ್ಟಗಿತ್ತು, ಸ್ವಲ್ಪ ಕೆಳಗೆ ವಾಲಿತ್ತು ಅಷ್ಟೇ. ಅದು ಸರ್‌ಗೆ ಇನ್ನೂ ತಲೆ ಕೆಡಿಸಿತು. ಲ್ಯಾಬ್ ಸಹಾಯಕ ಸೋಹೇಲನನ್ನು ಕೂಗಿ ಕರೆದರು.

“ಈಕಿಗೆ ತೆಳ್ಳಗ ಕಲಸಿ ಕೊಟ್ಟೀಯೇನೋ ಹೈಪೋ?”

“ಎಲ್ಲಾರಿಗೂ ಒಂದೇ ಬಾಟ್ಲೀದ್ರಿ ಸರ್. ಖುದ್ದ ನಾನೇ ತೂಕ ಮಾಡೀನ್ರಿ.”

“ಹಂಗಾರ ಈಕಿ ಸುಳ್ಳು ಬರದಾಳ. ಇನ್ನೇನದ?”

“ಸುಳ್ಳು ಬರದಿಲ್ರಿ ಸರ್,” ಎಂದಳು ಸಪ್ನಾ. ಮೇಜಿನ ಮುಂದಿನಿಂದ ಅವಳು ಕದಲಲಿಲ್ಲ.

ಸರ್ ತಟ್ಟನೆ ಎದ್ದರು. ಆಗಲಿ, ಇವಳ ಹಟವನ್ನು ಇವತ್ತೇ ಎಲ್ಲರ ಎದುರಿಗೆ ಬಿಡಿಸಿಬಿಡೋಣ ಎನಿಸಿತು. ಇಡೀ ಕ್ಲಾಸನ್ನು ಮೇಜಿನ ಸುತ್ತ ನಿಲ್ಲಿಸಿದರು. ಹೊಸದಾಗಿ ತಾವೇ ಹೈಪೋ ತೂಗಿ ಕರಗಿಸಿದರು. ಆಮ್ಲ ಸುರಿದು ಬಗ್ಗಿ ನೋಡಿದರು. ಗಂಧಕದ ಘಾಟು ಮೂಗಿಗೆ ಹತ್ತಿತು, ನೀರು ಬೆಳ್ಳಗಾಗುತ್ತ ಬಂತು, ಮಾರ್ಕು ಕರಗಿತು.

“ಹೋತು! ಹೋತೋ ಇಲ್ಲೋ?”

“ಹೌದ್ರಿ ಸರ್, ಹೋತ್ರಿ,” ಎಂದ ಮಹೇಶಕುಮಾರ. ಮುಂದಿನ ಸಾಲಿನಲ್ಲಿ ನಿಂತು ಸರ್ ಹೇಳಿದ್ದಕ್ಕೆಲ್ಲ ತಲೆ ಆಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಹಿಂದೆ ಉಳಿದವರೂ ಹೌದ್ರಿ ಹೌದ್ರಿ ಎಂದರು.

“ಇನ್ನಾ ಕಾಣ್ತದ್ರಿ,” ಎಂದಳು ಸಪ್ನಾ.

ಸರ್ ಹಲ್ಲು ಕಚ್ಚಿದರು. ಅವರು ಮುಂಗೋಪಿ ಹೌದು, ಆದರೆ ಪುಕ್ಕಟೆ ಆಪಾದನೆ ಹೊರಿಸುವವರಲ್ಲ. ಸುಳ್ಳು ಎಂದ ಮೇಲೆ ಸುಳ್ಳು ಎಂದು ತೋರಿಸಬೇಕು. ಅದಕ್ಕೊಂದು ಉಪಾಯ ಹೂಡಿದರು. ಒಂದೇ ಅಳತೆಯ ಎರಡು ಬೀಕರು. ಒಂದರ ಕೆಳಗೆ ಮಾರ್ಕು ಇದ್ದ ಹಾಳೆ, ಇನ್ನೊಂದರ ಕೆಳಗೆ ಬರೀ ಹಾಳೆ. ಯಾವುದು ಎಲ್ಲಿ ಎನ್ನುವುದು ಸೋಹೇಲನ ಇಷ್ಟ. ಸಪ್ನಾ ಕಿಟಕಿಯ ಕಡೆ ಮುಖ ಮಾಡಿ ನಿಲ್ಲಬೇಕು. ಎರಡಕ್ಕೂ ಒಟ್ಟಿಗೇ ಆಮ್ಲ ಬೀಳುತ್ತದೆ. ಮಾರ್ಕು ಹೋಯಿತು ಎಂದು ಸರ್ ಕೂಗಿದ ಕೂಡಲೇ ಅವಳು ತಿರುಗಿ, ಅದು ಯಾವುದರ ಕೆಳಗಿದೆ ಎಂದು ಹೇಳಬೇಕು. ನಿಜವಾಗಿಯೂ ಹೋಗಿದ್ದರೆ ಅವಳು ಹೇಳುವುದಾದರೂ ಹೇಗೆ?

“ಹೋತು. ತಿರುಗು, ಜಲ್ದಿ ಹೇಳು!”

“ಬಲಗಡೀದ್ರಾಗರಿ.”

ಸರಿ ಇತ್ತು. ಗಾಳಿಗೆ ಗುಂಡು ಹೊಡೆದಿದ್ದಾಳೆ ಎಂದುಕೊಂಡು ಸರ್ ಬೀಕರು ತೊಳೆಸಿದರು. ಎರಡನೆಯ ಸಲ ಎಡಗಡೆ ಎಂದಳು, ಅದೂ ಸರಿ. ಮೂರನೆಯ ಸಲ ಸರ್ ಸೋಹೇಲನಿಗೆ ಕಣ್ಣು ಮಿಟುಕಿಸಿ, ಎರಡರ ಕೆಳಗೂ ಬರೀ ಹಾಳೆಯನ್ನೇ ಇಡಿಸಿದರು. ಅಂದಾಜು ಅಷ್ಟೇ ಹೊತ್ತು ಬಿಟ್ಟು “ಹೋತು” ಎಂದರು. ಈಗ ಬಲ ಎಂದರೂ ಸಿಕ್ಕಿಬಿದ್ದಳು, ಎಡ ಎಂದರೂ ಸಿಕ್ಕಿಬಿದ್ದಳು.

ಸಪ್ನಾ ಒಂದಕ್ಕೆ ಬಗ್ಗಿದಳು, ಇನ್ನೊಂದಕ್ಕೆ ಬಗ್ಗಿದಳು. ಮತ್ತೆ ಮೊದಲನೆಯದನ್ನು ನೋಡಿದಳು.

“ಎರಡರಾಗೂ ಇಲ್ರಿ ಸರ್.”

ಸರ್ ಸ್ಟೂಲಿನ ಮೇಲೆ ಕೂತರು. ಅವಳು ಒಂದು ಸಲವಾದರೂ ತಪ್ಪಬೇಕಿತ್ತು ಎಂದು ಅವರಿಗೆ ಎಷ್ಟು ಆಸೆಯಿತ್ತೋ! ಇನ್ನೊಂದು ಸಲ ಬೀಕರು ಇಡಿಸಿ, ಈ ಸಲ ಮಹೇಶಕುಮಾರನನ್ನು ಕಿಟಕಿಗೆ ಕಳಿಸಿದರು. ಸರ್ ಹೋತು ಎಂದಾಗ ಅವನು ತಿರುಗಿದ, ನೋಡಿದ, ಬಾಯಿ ಜಾರಿ ನಿಜ ಹೇಳಿಬಿಟ್ಟ.

“ಎಡಗಡೀದ್ರಾಗ ಅದರಿ ಸರ್.”

“ಅದ?”

“ಸ್ವಲ್ಪ... ಕಾಣ್ತದ್ರಿ.”

“ಮತ್ತ ಈಗಿನ್ನಾ ನಾ ಹೋತು ಅಂದಾಗ ಹೌದ್ರಿ ಹೋತ್ರಿ ಅಂದೆಲ್ಲೋ?”

“ನೀವು ಅಂದ್ರಲ್ಲರಿ ಸರ್. ನೀವು ಹೋತು ಅಂದ ಮ್ಯಾಲ ನಾ ಇಲ್ಲ ಅಂತ ಹ್ಯಾಂಗ ಅನ್ಲಿರಿ?”

ಸರ್ ಉಳಿದವರ ಮುಖ ನೋಡಿದರು. “ಎಲ್ಲಾರಿಗೂ ಕಾಣ್ತಿತ್ತೇನು?” ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.

“ಅಲ್ರೋ, ಇಷ್ಟು ವರ್ಷ ನಾ ಇದನ್ನೇನ್ರೋ ಕಲಿಸಿದ್ದು? ಕಣ್ಣಿಗೆ ಕಂಡದ್ದು ಬರೀರಿ ಅಂತ ಬಡ್ಕೊಂಡರ ನನ್ನ ಬಾಯಿಗೆ ಬಂದದ್ದು ಬರದು ಕುಂತೀರಲ್ಲ! ಜನವರಿಯಿಂದ! ಒಬ್ಬರಾದರೂ ಹೇಳಬಾರದೇನು?”

ಕೂಗು ದೊಡ್ಡದಿತ್ತು, ಆದರೆ ಅದರೊಳಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಸರ್ ತಲೆ ಎತ್ತಿ ಹೊಸ ಟ್ಯೂಬ್‌ಲೈಟುಗಳನ್ನು ನೋಡಿದರು. ಅವು ಮಂಕಾಗಿರಲಿಲ್ಲ. ಲಾರಿಯವರಿಗೆ ಹಗೆ ಇರಲಿಲ್ಲ. ಸಸ್ತಾಪುರ ಬಂಗ್ಲಾದ ಹಂಪಿಗೆ ಬಿಳಿ ಪಟ್ಟಿ ಇದ್ದೇ ಇತ್ತೇನೋ. ಇಷ್ಟು ತಿಂಗಳು ದಿನಾ ಬೆಳಿಗ್ಗೆ ಸಂಜೆ ಆ ಹೈವೇದಲ್ಲಿ ತಾವು ಗಾಡಿ ಓಡಿಸಿದ್ದರು! ಒಬ್ಬರೂ ಹೇಳಲಿಲ್ಲ ಎಂದು ಕೂಗಿದ್ದೂ ಪೂರ್ತಿ ಸರಿಯಲ್ಲ. ಒಬ್ಬಳು ಹೇಳಿದ್ದಳು, ಹೇಳಿ ಹೇಳಿ ಸೋತು ಆಟೋ ಹತ್ತಿದ್ದಳು.

ಸಪ್ನಾಳ ರೆಕಾರ್ಡು ಎಳೆದುಕೊಂಡು ಸಹಿ ಹಾಕಿದರು. ಬೋರ್ಡಿನ ಮೂಲೆಯಲ್ಲಿದ್ದ ತಮ್ಮ ಅಂಕಿಗಳನ್ನು ಕೈಯಿಂದಲೇ ಒರೆಸಿದರು.

“ಉಳಿದವರು ಎಲ್ಲಾರೂ ಈಗಿಂದೀಗ ಮತ್ತ ಮಾಡ್ರಿ. ತಮ್ಮ ತಮ್ಮ ಕಣ್ಣಿಲೆ ನೋಡಿ ಬರೀರಿ. ಒಬ್ಬರದು ಒಬ್ಬರು ನೋಡಿದ್ರ ನಾಳೆ ಒಳಗ ಬಿಡಂಗಿಲ್ಲ.”

“ನಿಮ್ಮ ಗೆರೀನೂ ನೆಟ್ಟಗೇ ಅದರಿ ಸರ್,” ಎಂದಳು ಸಪ್ನಾ ಮೆಲ್ಲಗೆ. “ಆರ್ಡರ್ ತಪ್ಪಿಲ್ರಿ.”

“ಆರ್ಡರ್ ತಪ್ಪಿಲ್ಲ, ವೇಗ ತಪ್ಪೇದ. ಎಲ್ಲಾ ಸಲಾನೂ ಒಂದೇ ಪ್ರಮಾಣದಾಗ ತಪ್ಪು ನೋಡಿದ್ರ ಗೆರಿ ನೆಟ್ಟಗೇ ಇರ್ತದ. ಅದಕ್ಕೇ ನನಗ ಗೊತ್ತಾಗಲಿಲ್ಲ.” ರೆಕಾರ್ಡನ್ನು ಅವಳ ಕೈಗೆ ಕೊಟ್ಟು ಹೇಳಿದರು: “ನಿನಗ ಸುಳ್ಳಿ ಅಂದೆ. ತಪ್ಪಾತು ನಂದು.”

ಸಂಜೆ ಗಾಡಿಯ ಕೀಲಿಯನ್ನು ಸೋಹೇಲನ ಕೈಗೆ ಕೊಟ್ಟು ಸರ್ ನಡೆಯುತ್ತ ಬಸ್‌ಸ್ಟ್ಯಾಂಡಿಗೆ ಹೋದರು. ಅಲ್ಲಿಂದ ಮನೆಗೆ ಫೋನ್ ಮಾಡಿದರು.

“ಬಸ್ಸಿಗೆ ಬರಾಕತ್ತೇನಿ.”

“ಅಯ್ಯೋ, ಗಾಡಿ ಎಲ್ಲಿ ಬಿತ್ತ್ರಿ? ಪೆಟ್ಟಾತೇನ್ರಿ?”

“ಬಿದ್ದಿಲ್ಲ. ಬೀಳಬಾರದು ಅಂತ ಬಿಟ್ಟು ಬಂದೀನಿ. ನಾಡದು ಕಣ್ಣಿನ ಡಾಕ್ಟರ್ ಕಡೆ ಹೋಗೂಣು. ನೀನೂ ಬಾ.”

ಶೇವಂತಾಬಾಯಿ, “ಬರ್ತೀನ್ರಿ,” ಎಂದರು.

ಬಸ್ಸೊಂದು ಬಂದು ನಿಂತಿತು. ಅದರ ಹಣೆಯ ಮೇಲಿನ ಬೋರ್ಡು ಸರ್‌ಗೆ ಬರೀ ಬಿಳಿ ಮಸುಕು. ಪಕ್ಕದಲ್ಲಿ ಮನ್ನಾಏಖೇಳ್ಳಿಯ ಬಸ್ಸಿಗಾಗಿ ಕಾಯುತ್ತಿದ್ದ ಮಹೇಶಕುಮಾರ, ಸರ್ ಕಣ್ಣಿಗೆ ಬೀಳಬಾರದೆಂದು ಕಂಬದ ಮರೆಗೆ ಸರಿಯುತ್ತಿದ್ದ. ಸರ್ ಅವನ ತೋಳು ಹಿಡಿದು ಎಳೆದರು.

“ಅದು ಕಲಬುರ್ಗಿ ಬಸ್ಸಲ್ಲೇನೋ?”

“ಹೌ...” ಎಂದ ಮಹೇಶಕುಮಾರ, ಅಭ್ಯಾಸಬಲದಿಂದ. ಅಲ್ಲಿಗೇ ನಿಂತ. ಬೋರ್ಡು ನೋಡಿದ, ಸರ್ ಮುಖ ನೋಡಿದ.

“ಅಲ್ರಿ ಸರ್. ಬಸವಕಲ್ಯಾಣದ್ರಿ.”

“ಹಾಂ,” ಎಂದರು ಸರ್, ಮತ್ತು ಬಸ್ಸು ಹತ್ತಿದರು.