ಪರದೆಯ ಮುಂದೆ ಅಕ್ಕ

ಬೇರೆ ಊರಿನಲ್ಲಿ ಒಬ್ಬಳೇ ಇದ್ದ ಅಕ್ಕ ನಿನ್ನೆಯಿಂದ ಫೋನ್ ಎತ್ತಿರಲಿಲ್ಲ. ಅಮ್ಮನ ಜೀವ ಬಾಯಿಗೆ ಬಂದಿತ್ತು. ಅಕ್ಕನ ಲಿನಕ್ಸ್ ಕಂಪ್ಯೂಟರನ್ನು ದೂರದಿಂದಲೇ ನೋಡಿಕೊಳ್ಳುತ್ತಿದ್ದ ತಮ್ಮ, ಅದರೊಳಗೆ ಹೊಕ್ಕು, ಯಾರು ಯಾವಾಗ ಒಳಬಂದರೆಂದು ತೋರಿಸುವ ಲಾಗಿನ್ ದಾಖಲೆ ತೆರೆದ. ಅದರಲ್ಲಿ ಅಕ್ಕನ ಹೆಸರು ಇವತ್ತು ಬೆಳಗ್ಗೆಯೇ ಬಿದ್ದಿತ್ತು.

“ಅವಳೇ ಅಂತ ಹೇಗೆ ಹೇಳ್ತೀಯೋ? ನೀನೂ ಇಲ್ಲಿಂದಲೇ ಒಳಗೆ ಹೋದೆಯಲ್ಲ!” ಎಂದಳು ಅಮ್ಮ.

“ದೂರದಿಂದ ಹೋದ್ರೆ ನೆಟ್‌ವರ್ಕ್ ವಿಳಾಸ ಬೀಳುತ್ತಮ್ಮ. ಇಲ್ಲಿ ಆ ಕಂಪ್ಯೂಟರಿನ ಪರದೆಯ ಗುರುತೇ ಇದೆ. ಅಕ್ಕ ಅದರ ಮುಂದೆ ಕೂತೇ ಪಾಸ್‌ವರ್ಡ್ ಒತ್ತಿದಾಳೆ. ಇನ್ನೂ ಲಾಗೌಟ್ ಆಗಿಲ್ಲ.”

ಅವನು ಅವಳ ಪರದೆಗೆ ಸಂದೇಶ ಕಳಿಸಿದ: “ಅಕ್ಕಾ, ಅಮ್ಮ ಅಳ್ತಿದ್ದಾಳೆ.”

ಕೂಡಲೇ ಅಕ್ಕನ ಕಂಪ್ಯೂಟರಿನಿಂದಲೇ ವಿಡಿಯೋ ಕರೆ ಬಂತು.

“ಫೋನ್ ಬಕೆಟ್ಟಿಗೆ ಬಿತ್ತಮ್ಮ. ಈಗಷ್ಟೇ ನಿಮಗೆ ಮೇಲ್ ಬರೀತಿದ್ದೆ.”

ಅಮ್ಮ ಮನಸಾರೆ ಬೈದಳು. ಆಮೇಲೆ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು. ನಿನ್ನೆಯಿಂದ ಯಾರೂ ಸರಿಯಾಗಿ ಉಂಡಿರಲಿಲ್ಲ.