ಹನ್ನೊಂದು ಕಾರ್ಡುಗಳ ತಲೆಕಟ್ಟು

ದರ್ಜಿಯ ಅಂಗಡಿ ಮುಂದೆ ಅಪ್ಪ ಜಗಳಕ್ಕೆ ನಿಂತಿದ್ದಾರೆ ಎಂಬ ಸುದ್ದಿ ಬಂದಾಗ ಮಗಳು ಊಟದ ಮೇಜಿನ ಮೇಲೆ ಹಾಳೆ ನೆನೆಸುತ್ತಿದ್ದಳು. ಕುಂಚವನ್ನು ಅಲ್ಲೇ ಬಿಟ್ಟು ಓಡಿದಳು.

"ನನ್ನ ಬೋರ್ಡು ಕೆಡಿಸಿದ್ದು ಯಾರು?" ಎಂದು ಅಪ್ಪ ಕೂಗುತ್ತಿದ್ದರು. "ಇದೇನು ಅಕ್ಷರಾನಾ, ಇರುವೆ ಸಾಲಾ?"

"ಅಯ್ಯೋ ಬೋರ್ಡಣ್ಣ, ನೀವು ಬರೆದದ್ದು ಹೇಗಿತ್ತೋ ಹಾಗೇ ಇದೆ. ನಾನು ಅದರ ಧೂಳು ಕೂಡ ಒರೆಸಿಲ್ಲ," ಎಂದು ದರ್ಜಿ ಕೈಮುಗಿಯುತ್ತಿದ್ದ.

ಬೋರ್ಡು ನೆಟ್ಟಗೇ ಇತ್ತು. ಕೆಂಪು ಅಕ್ಷರ, ಅದಕ್ಕೆ ಹಳದಿ ನೆರಳು. ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದ ಅಪ್ಪನಿಗೆ ತಮ್ಮ ಅಕ್ಷರದ ಗುರುತೇ ಸಿಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕಾಗದ ಕೊಟ್ಟು, ಏನಾದರೂ ಬರೆಯಿರಿ ಅಂದರು. 'ನನ್ನ ಮಗಳು ಕಾರ್ಡು ಮಾಡುತ್ತಾಳೆ' ಎಂದು ಅಪ್ಪ ಸರಾಗವಾಗಿ ಬರೆದರು. ಡಾಕ್ಟರು ಎರಡು ನಿಮಿಷ ಅದೂ ಇದೂ ಮಾತಾಡಿ ಅದೇ ಕಾಗದವನ್ನು ಮುಂದೆ ಹಿಡಿದರು. ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು.

"ಕೈಬರಹ ಚೆನ್ನಾಗಿದೆ. ಯಾರದ್ದು?"

ಮೆದುಳಿನ ಹಿಂಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತಂತೆ. ಬರೆಯುವುದು ಉಳಿದಿದೆ, ಓದುವುದು ಹೋಗಿದೆ. ವಾಪಸ್ಸು ಬರುತ್ತಾ ಎಂದು ಅಮ್ಮ ಕೇಳಿದ್ದಕ್ಕೆ ಡಾಕ್ಟರು, "ನೋಡೋಣ," ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ಅಮ್ಮನದು ಅದೇ ಮಾತು. "ನೋಡೋಣ ಅಂದ್ರೆ ಏನೇ ಅರ್ಥ? ಅಂಗಡೀಲಿ ನಾನು ನೋಡೋಣ ಅಂದ್ರೆ ತಗೊಳಲ್ಲ ಅಂತ ಅರ್ಥ."

ಮಗಳು ಮಾತ್ರ ಬರೆಯುವುದು ಉಳಿದಿದೆ ಎಂಬುದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಮನೆಯಲ್ಲೇ ಮಾಡಿ ಮಾರುವ ಶುಭಾಶಯ ಕಾರ್ಡುಗಳಲ್ಲಿ ಬಣ್ಣ ಅವಳದು, ಅಕ್ಷರ ಅಪ್ಪನದು. ದಪ್ಪ ಹಾಳೆಯನ್ನು ಹಲಗೆಗೆ ಅಂಟಿಸಿ, ಅಗಲ ಕುಂಚದಿಂದ ನೀರು ಸವರಿ, ಅದರ ಮೇಲೆ ನೀಲಿಯನ್ನೋ ತಿಳಿಹಸಿರನ್ನೋ ತೊಟ್ಟಿಕ್ಕಿಸುತ್ತಿದ್ದಳು. ಬಣ್ಣ ತನಗೆ ಬೇಕಾದ ಕಡೆ ಹರಿದು ಮೋಡದ ಹಾಗೆ ನಿಲ್ಲುತ್ತಿತ್ತು. ಒಣಗಿದ ಮೇಲೆ ಸಪೂರ ನಿಬ್ಬಿನಿಂದ ಕಪ್ಪು ಮಸಿಯಲ್ಲಿ ಎರಡು ಹುಲ್ಲುಕಡ್ಡಿ, ಒಂದು ಒಣಗಿದ ರೆಂಬೆ ಎಳೆಯುತ್ತಿದ್ದಳು. ಉಳಿದ ಜಾಗ ಅಪ್ಪನದು.

ಅಷ್ಟರಲ್ಲಿ ಗ್ರಂಥಾಲಯದ ಮೇಡಂ ಬಂದರು. ಅವರು ನಿವೃತ್ತರಾಗುತ್ತಿದ್ದರು. ಜೊತೆಗೆ ದುಡಿದ ನಲವತ್ತು ಜನಕ್ಕೂ ಒಂದೊಂದು ಕಾರ್ಡು, ಒಂದೊಂದರಲ್ಲೂ ಅವರವರ ಹೆಸರು, ಒಂದು ಸಾಲು ಮಾತು. "ನಿಮ್ಮ ತಂದೆಯವರ ಕೈಯಲ್ಲೇ ಬರೆಸಬೇಕಮ್ಮ," ಎಂದರು. ಮಗಳು ಬಾಯಿ ತೆರೆಯುವ ಮೊದಲೇ ಅಪ್ಪ ಒಳಗಿನಿಂದ, "ಆಗಲಿ ಬಿಡಿ ಮೇಡಂ," ಎಂದುಬಿಟ್ಟರು.

ಮಗಳು ಹೆಸರು ಹೇಳುವುದು, ಅಪ್ಪ ಬರೆಯುವುದು. ಒಂದೇ ಉಸಿರಿಗೆ ಬರೆದರೆ ಎಲ್ಲವೂ ಸರಿ. ನಡುವೆ ಕೈ ನಿಂತರೆ ಮುಗಿಯಿತು. ಎಲ್ಲಿಗೆ ನಿಲ್ಲಿಸಿದೆ ಎಂದು ಓದಿ ತಿಳಿಯಲು ಅವರಿಗೆ ಆಗುತ್ತಿರಲಿಲ್ಲ. ಫೋನು ಹೊಡೆದುಕೊಂಡರೆ ಒಂದು ಅಕ್ಷರ ಎರಡು ಸಲ ಬೀಳುತ್ತಿತ್ತು. ಬಾಗಿಲು ತಟ್ಟಿದರೆ ಅರ್ಧ ಹೆಸರು ಬಿಟ್ಟುಹೋಗುತ್ತಿತ್ತು. ಅಮ್ಮ ಕಾಲಿಂಗ್ ಬೆಲ್ಲಿನ ತಂತಿ ಕಿತ್ತರು, ಕುಕ್ಕರು ಇಡುವುದನ್ನು ಬಿಟ್ಟರು, ಸೀನು ಬಂದರೆ ಹಿತ್ತಲಿಗೆ ಓಡಿದರು. ಆದರೂ ಬೀದಿಯಲ್ಲಿ ಒಂದು ನಾಯಿ ಬೊಗಳಿದರೆ ಸಾಕಾಗಿತ್ತು.

"ಸರಿಯಾಗಿ ಬಂತಾ ಪುಟ್ಟಿ?" ಎಂದು ಪ್ರತಿ ಸಲವೂ ಅಪ್ಪ ಕೇಳುತ್ತಿದ್ದರು. ಮೂವತ್ತೈದಾದರೂ ಅವಳು ಅವರಿಗೆ ಪುಟ್ಟಿಯೇ.

"ಬಂತಪ್ಪ." ಕೆಟ್ಟ ಕಾರ್ಡನ್ನು ಅವಳು ಮಡಿಲಿಗೆ ಜಾರಿಸಿಕೊಳ್ಳುತ್ತಿದ್ದಳು. ಮಧ್ಯಾಹ್ನ ಅವರು ಮಲಗಿದಾಗ ಮತ್ತೊಂದು ಹಾಳೆಗೆ ಬಣ್ಣ ಹಾಕಿ, ಒಣಗಿಸಿ, ಅವರ ಕೈಯನ್ನೇ ಅನುಕರಿಸಿ ಬರೆದು ಕಾರ್ಡುಗಳ ಅಟ್ಟಿಯ ಮಧ್ಯೆ ಸೇರಿಸುತ್ತಿದ್ದಳು. ಬೇರೆ ಏನು ಮಾಡುವುದೋ ಅವಳಿಗೆ ತಿಳಿಯಲಿಲ್ಲ.

ನಲವತ್ತೂ ಮುಗಿದ ದಿನ ಅಪ್ಪ ಕಾರ್ಡುಗಳನ್ನು ಮೇಜಿನ ತುಂಬ ಹರಡಿಸಿದರು. ಬಾಗಿ, ಒಂದೊಂದನ್ನೇ ನೋಡುತ್ತ ಬಂದವರು ಒಂದರ ಮೇಲೆ ಬೆರಳಿಟ್ಟರು.

"ಈ ತಲೆಕಟ್ಟು ನಂದಲ್ಲ."

ಮಗಳೂ ಬಾಗಿ ನೋಡಿದಳು.

"ನನ್ನದು ತುದೀಲಿ ಮೇಲಕ್ಕೆ ಏಳುತ್ತೆ. ಇದು ಮಲಗಿದೆ. ಓದೋಕೆ ಬರಲ್ಲ ಅಷ್ಟೇ ಕಣಮ್ಮ, ಕಣ್ಣು ಕುರುಡಾಗಿಲ್ಲ. ಮೊದಮೊದಲು ನನ್ನ ಕೈಯೇ ಗುರುತು ಸಿಗ್ತಿರಲಿಲ್ಲ, ಈಗ ಗೆರೆಯ ಗುರುತು ಸಿಗುತ್ತೆ." ಅವರ ಬೆರಳು ಮುಂದಕ್ಕೆ ಹೋಯಿತು. ಇದು. ಇದೂ. ಆ ಕೊನೆಯದು. ಹನ್ನೊಂದನ್ನೂ ಆರಿಸಿ ಪಕ್ಕಕ್ಕಿಟ್ಟರು. ಒಂದೂ ತಪ್ಪಲಿಲ್ಲ.

"ಹನ್ನೊಂದು ಸಲ ಬಂತಪ್ಪ ಬಂತಪ್ಪ ಅಂದ್ಯಲ್ಲ."

"ನಿಮಗೆ ಬೇಜಾರಾಗುತ್ತೆ ಅಂತ…"

"ಉಳಿದದ್ದು ಓದು."

ಅವಳು ಇಪ್ಪತ್ತೊಂಬತ್ತನ್ನೂ ಓದತೊಡಗಿದಳು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಎಂಟೋ ಒಂಬತ್ತೋ ಕಾರ್ಡು ಆಗಿರಬೇಕು, ಅಪ್ಪ ಕೈ ಎತ್ತಿದರು.

"ಸಾಕು. ಅಲ್ಲಿ ಏನಿದೆಯೋ ಅದನ್ನೇ ಓದ್ತಾ ಇದ್ದೀಯೋ, ನನ್ನ ಸಮಾಧಾನಕ್ಕೆ ಓದ್ತಾ ಇದ್ದೀಯೋ, ನನಗೆ ಹೇಗೆ ಗೊತ್ತಾಗಬೇಕು?"

ಅವಳು ಇದ್ದದ್ದನ್ನೇ ಓದುತ್ತಿದ್ದಳು. ಹಾಗೆಂದು ಹೇಳಿದಳು, ಆಣೆ ಇಟ್ಟಳು. ಆದರೆ ಅದೇ ದನಿಯಲ್ಲಿ ತಾನೇ ಹನ್ನೊಂದು ಸಲ ಸುಳ್ಳು ಹೇಳಿದ್ದು? ಅಪ್ಪ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ನಿಬ್ಬು ತೊಳೆದು ಬಟ್ಟೆಯಲ್ಲಿ ಒರೆಸಿಟ್ಟು ಎದ್ದು ಹೋದರು.

"ನನ್ನನ್ನಾದ್ರೂ ಕೇಳಬಾರದಾಗಿತ್ತೇನೇ?" ಅಂದರು ಅಮ್ಮ. ಸೌಟು ಕೆಳಗಿಟ್ಟು ತಾವೇ, "ಕೇಳಿದ್ರೆ ನಾನೂ ಹಾಗೇ ಮಾಡು ಅಂತಿದ್ದೆನೋ ಏನೋ," ಎಂದರು.

ಗ್ರಂಥಾಲಯದ ಮೇಡಂಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಕಾರ್ಡುಗಳನ್ನು ಎದೆಗವಚಿಕೊಂಡು, "ನಿಮ್ಮ ತಂದೆಯವರ ಕೈ ಅಂದ್ರೆ ಕೈ," ಎಂದು ಹೊಗಳಿದರು. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದರು. ಹೊರಗೆ ಬರಲಿಲ್ಲ.

ಆಮೇಲೆ ಒಂದು ವಾರ ಮನೆಯಲ್ಲಿ ಬಣ್ಣದ ಮಾತೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಮಗಳು ತಿಳಿಗುಲಾಬಿ ಹಾಕಿದ ಒಂದು ಹಾಳೆಯನ್ನು, ರೆಂಬೆಯನ್ನೂ ಎಳೆದು, ಅವರ ಮುಂದಿಟ್ಟಳು. ಯಾರ ಹೆಸರೂ ಬೇಡ, ಬರೀ 'ಶುಭಾಶಯ' ಅಂತ ಬರೆಯಿರಿ ಅಂದಳು. ಕೂಡಲೇ, "ಏನು ಬಂದರೂ ನಿಜವೇ ಹೇಳ್ತೀನಪ್ಪ," ಎಂದು ಸೇರಿಸಿದಳು.

ಅಪ್ಪ ನಿಬ್ಬನ್ನು ಮಸಿಯಲ್ಲಿ ಅದ್ದಿ, ದೌತಿಯ ಅಂಚಿಗೆ ತೀಡಿ, ಹಾಳೆಯ ಮೇಲಕ್ಕೆ ತಂದರು. ಕೈ ಅಲುಗಲಿಲ್ಲ. ಹಾಗೇ ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ಕೆಳಗಿಟ್ಟರು.

"ಇನ್ನೂ ಒಣಗಿಲ್ಲ ಕಣಮ್ಮ. ಮಸಿ ಹರಡಿಕೊಳ್ಳುತ್ತೆ."

ಅವಳು ಕೈಯ ಹಿಂಬದಿಯನ್ನು ಹಾಳೆಗೆ ತಾಗಿಸಿ ನೋಡಿದಳು. ಒಂದು ಚೂರೂ ತಣ್ಣಗಿರಲಿಲ್ಲ, ಒಣಗಿ ಗಂಟೆಯಾಗಿತ್ತು. ನಿಜವೇ ಹೇಳುತ್ತೇನೆ ಎಂದು ಮಾತು ಕೊಟ್ಟು ಇನ್ನೂ ಐದು ನಿಮಿಷ ಆಗಿರಲಿಲ್ಲ.

"ಹೌದಪ್ಪ," ಎಂದಳು. "ಇನ್ನೂ ಸ್ವಲ್ಪ ಹೊತ್ತು ಬೇಕು."

ಅಪ್ಪ ತಲೆಯಾಡಿಸಿ ಅಂಗಳಕ್ಕೆ ಹೋದರು. ಆ ಹಾಳೆ ಸಂಜೆಯವರೆಗೂ ಮೇಜಿನ ಮೇಲೇ ಇತ್ತು. ಊಟಕ್ಕೆ ತಟ್ಟೆ ಇಡಬೇಕಾಗಿ ಬಂದಾಗ ಅಮ್ಮ ಅದನ್ನು ಎತ್ತಿ ಬೀರುವಿನ ಮೇಲಿಟ್ಟರು.